ಜಾತ್ರೆ ಪೇಟೆಯ 'ಕೆಮಿಕಲ್ ಫ್ರೀ' ಬಾಟಲಿ, ನನ್ನ ಅಂಟುವಾಳದ ಕಷಾಯ, ಹಾಳಾದ ಕಡಪಾ ಕಟ್ಟೆ

ಮಾರ್ಚಿಂದ ಜುಲೈವರೆಗೆ ನಮ್ಮನೆ ಅಡಿಗೆಮನೆ ಅರ್ಧ ಲ್ಯಾಬ್ ಆಗಿತ್ತು. ಪಾತ್ರೆ ತೊಳೆಯೋದು, ನೆಲ ಒರೆಸೋದು, ಕಮೋಡ್ ತಿಕ್ಕೋದು, ಈ ಮೂರಕ್ಕೂ 'ನ್ಯಾಚುರಲ್' ಅಂತ ತಂದ ಬಾಟಲಿ ಒಳಗೆ ಏನಿದೆ ನೋಡಣ ಅಂತ ಶುರು ಮಾಡಿದ್ದು, ಆಮೇಲೆ ನಾನೇ ಮಾಡ್ತೆ ಅಂತ ಹೊರಟಿದ್ದು, ಎರಡರಲ್ಲೂ ಎಡವಿದ್ದು ಎಲ್ಲ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೆ, ಅದನ್ನೇ ಇಲ್ಲಿ ಹಾಕ್ತಿದೀನಿ. ತಪ್ಪುಗಳನ್ನ ಮುಚ್ಚಿಟ್ಟಿಲ್ಲ, ನಿಜ ಹೇಳ್ಬೇಕಂದ್ರೆ ತಪ್ಪೇ ಜಾಸ್ತಿ ಇದೆ.

ಮೊದಲು ನಮ್ಮನೆ ನೀರಿನ ದಾರಿ ಹೇಳ್ಬೇಕು, ಇಲ್ಲಾಂದ್ರೆ ನಾನು ಯಾಕಿಷ್ಟು ತಲೆ ಕೆಡಿಸ್ಕೊಂಡೆ ಅಂತ ಗೊತ್ತಾಗಲ್ಲ. ಶಿರಸಿಯಿಂದ ಸ್ವಲ್ಪ ಒಳಗೆ ಹಳ್ಳಿ ಮನೆ. ಬಾವಿ ನೀರು. ಸಿಂಕಿನ ನೀರು ಹಿತ್ತಿಲ ಬಾಳೆ ಬುಡಕ್ಕೆ, ಬಚ್ಚಲ ನೀರು ತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳ ಅಘನಾಶಿನಿಗೆ. ಆ ನದಿ ಹುಟ್ಟೋದೇ ನಮ್ಮ ಶಿರಸಿಯ ಶಂಕರಹೊಂಡದಲ್ಲಿ, ಸಮುದ್ರ ಸೇರೋದು ಕುಮಟಾ ಕಡೆ ತದಡಿಯಲ್ಲಿ. ನಡುವೆ ನೀರು ಶುದ್ಧ ಮಾಡೋ ಪ್ಲಾಂಟು ಗೀಂಟು ಏನಿಲ್ಲ, ನಾನು ಸಿಂಕಲ್ಲಿ, ಬಚ್ಚಲಲ್ಲಿ ಸುರಿದಿದ್ದು ನೇರ ಗಿಡಕ್ಕೆ, ಮೀನಿಗೆ.

ಶುರು: ತಂದಿದ್ದು

ಮಾರಿಕಾಂಬಾ ಜಾತ್ರೆ ಪೇಟೆಯಲ್ಲಿ ಒಂದು ಸ್ಟಾಲ್ ಇತ್ತು, ಸೆಣಬಿನ ಚೀಲ, ಮಣ್ಣಿನ ಕುಡಿಕೆ, ಹಸಿರು ಎಲೆ ಚಿತ್ರ ಇರೋ ಬಾಟಲಿಗಳು. ಮೂರು ತಗೊಂಡೆ:

ಬಾಟಲಿ 1: ಪಾತ್ರೆ ತೊಳೆಯೋದು, 'ಅಂಟುವಾಳ + ನಿಂಬೆ, 100% ನ್ಯಾಚುರಲ್', 500 ಎಂಎಲ್, 180 ರೂ.
ಬಾಟಲಿ 2: ನೆಲ ಒರೆಸೋದು, 'ಬೇವು + ಲೆಮನ್‌ಗ್ರಾಸ್', 1 ಲೀಟರ್, 220 ರೂ.
ಬಾಟಲಿ 3: ಟಾಯ್ಲೆಟ್ಟಿಗೆ, 'ನೋ ಹಾರ್ಶ್ ಕೆಮಿಕಲ್ಸ್', 500 ಎಂಎಲ್, 160 ರೂ.

ಆಮೇಲೆ ಹೋಲಿಸೋಕೆ ಅಂತ ಆನ್‌ಲೈನಲ್ಲಿ ಇನ್ನೊಂದು ಪಾತ್ರೆ ಲಿಕ್ವಿಡ್ ತರಿಸಿದೆ (ಬಾಟಲಿ 4, 299 ರೂ.), ಮತ್ತೆ ಕಿರಾಣಿ ಅಂಗಡಿಯ ಮಾಮೂಲಿದು ಹೇಗೂ ಮನೆಯಲ್ಲಿ ಇತ್ತು. ಯಾವುದರ ಹೆಸರೂ ಇಲ್ಲಿ ಹಾಕಲ್ಲ, ಕೇಳ್ಬೇಡಿ.

ಮಾರ್ಚ್ 14: ಕೈ ತುರಿಕೆ, ಲೇಬಲ್ ಓದಿದ್ದು

ಬಾಟಲಿ 1 ಬಳಸೋಕೆ ಶುರು ಮಾಡಿ ಹತ್ತು ದಿನಕ್ಕೆ ಬಲಗೈ ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಸಿಪ್ಪೆ ಏಳೋಕೆ ಶುರುವಾಯ್ತು. ಇಪ್ಪತ್ತು ವರ್ಷ ಮಾಮೂಲಿ ಸೋಪಲ್ಲಿ ತೊಳೆದ ಕೈ ಇದು, ಏನೂ ಆಗಿರಲಿಲ್ಲ. ನ್ಯಾಚುರಲ್ಲಿಗೆ ಬಂದ ಮೇಲೆ ಆಯ್ತು. ಅದಕ್ಕೇ ಬಾಟಲಿ ತಿರುಗಿಸಿ ಹಿಂದೆ ಓದಿದೆ.

ಓದಿದೆ ಅಂದ್ರೆ ಸುಳ್ಳು, ಓದೋಕೆ ಆಗಲಿಲ್ಲ. ಎಳ್ಳಿನಷ್ಟು ಅಕ್ಷರ, ತಿಳಿಹಸಿರು ಕಾಗದದ ಮೇಲೆ ಬಿಳಿ ಪ್ರಿಂಟು. ಮೊಬೈಲಲ್ಲಿ ಫೋಟೋ ತೆಗೆದು ಬೆರಳಲ್ಲಿ ಅಗಲ ಮಾಡಿ ಓದಿದ್ದು. ಬಾಟಲಿ 1ರ ಹಿಂದೆ ಇದ್ದಿದ್ದು ಇಷ್ಟೇ: ಪ್ಲಾಂಟ್ ಬೇಸ್ಡ್ ಕ್ಲೆನ್ಸಿಂಗ್ ಏಜೆಂಟ್, ಅಂಟುವಾಳದ ಸಾರ, ನಿಂಬೆ ಸಾರ, ಪರ್ಫ್ಯೂಮ್, ಪರ್ಮಿಟೆಡ್ ಕಲರ್, ಪ್ರಿಸರ್ವೇಟಿವ್, ಆಕ್ವಾ. ಯಾವ ಕ್ಲೆನ್ಸಿಂಗ್ ಏಜೆಂಟು? ಯಾವ ಪ್ರಿಸರ್ವೇಟಿವ್ವು? ಸಾಂಬಾರಿಗೆ ಏನು ಹಾಕಿದೀರಿ ಅಂತ ಕೇಳಿದ್ರೆ 'ತರಕಾರಿ, ಮಸಾಲೆ' ಅಂದಂಗಾಯ್ತು.

ಬಾಟಲಿ 2ರಲ್ಲಿ ಮುಂದೆ ಬೇವಿನ ಎಲೆ ಚಿತ್ರ ಅಂಗೈ ಅಗಲ, ಹಿಂದೆ ಮೂಲೆಯಲ್ಲಿ 'ಬೆಂಜಾಲ್ಕೋನಿಯಂ ಕ್ಲೋರೈಡ್ ಸೊಲ್ಯೂಷನ್'. ಇದು ಆಸ್ಪತ್ರೆ ನೆಲಕ್ಕೆ ಹಾಕೋ ಲಿಕ್ವಿಡ್ಡಲ್ಲೂ ಇರೋ ಕ್ರಿಮಿನಾಶಕ, ಶಾರ್ಟಾಗಿ ಬಿಕೆಸಿ ಅಂತಾರೆ. ಕೆಲಸ ಮಾಡತ್ತೆ, ಸುಳ್ಳಲ್ಲ, ಆದ್ರೆ ಮೀನಿಗೆ ತುಂಬ ವಿಷ, ಒರೆಸಿದ ನೆಲದ ಮೇಲೆ ಓಡಾಡಿ ಪಾದ ನೆಕ್ಕೋ ಬೆಕ್ಕಿಗೂ ಬಾಯಿ ಹುಣ್ಣಾಗತ್ತೆ. ನಮ್ಮನೆಯಲ್ಲಿ ಎರಡು ಬೆಕ್ಕಿದಾವೆ.

ಬಾಟಲಿ 3ರಲ್ಲಿ ಸಿಟ್ರಿಕ್ ಆಸಿಡ್ ಅಂತ ಸರಿಯಾಗಿ ಬರೆದಿದ್ರು. ಬಾಟಲಿ 4ರಲ್ಲಿ ಪೂರ್ತಿ ಪಟ್ಟಿ ಇತ್ತು, ಡೆಸೈಲ್ ಗ್ಲೂಕೋಸೈಡ್, ಕೊಕಾಮಿಡೊಪ್ರೊಪೈಲ್ ಬೀಟೈನ್, ಸೋಡಿಯಂ ಸಿಟ್ರೇಟ್, ಫೀನಾಕ್ಸಿಎಥನಾಲ್. ಮುಂದೆ ಎಲೆ ಚಿತ್ರ ಇಲ್ಲ. ಹೆಸರು ಭಯ ಹುಟ್ಟಿಸೋ ಹಾಗಿದ್ರೂ ನಂಗೆ ಇದರ ಮೇಲೇ ವಿಶ್ವಾಸ ಬಂತು.

ಮಣ್ಣಿನ ಮಡಕೆ ಚಿಹ್ನೆ ಇದೆಯಾ ಅಂತಾನೂ ಹುಡುಕಿದೆ. ಸರ್ಕಾರದ ಇಕೋಮಾರ್ಕ್ ಅದು, 1991ರಲ್ಲಿ ಶುರುವಾಗಿದ್ದು, ಪರೀಕ್ಷೆ ಪಾಸಾದ್ರೆ ಮಾತ್ರ ಹಾಕ್ಬಹುದು. ನಾಲ್ಕರಲ್ಲೂ ಇಲ್ಲ, ಪೇಟೆಯಲ್ಲಿ ಮೂರು ಅಂಗಡಿ ಶೆಲ್ಫ್ ತಡಕಾಡಿದೆ, ಒಂದರಲ್ಲೂ ಸಿಗಲಿಲ್ಲ. ಹಸಿರು ಎಲೆ, ಹನಿ, ಭೂಮಿ ಚಿತ್ರ ಬೇಕಾದಷ್ಟಿತ್ತು, ಅವೆಲ್ಲ ಕಂಪನಿಯವರೇ ಬರೆಸ್ಕೊಂಡಿದ್ದು.

ಮಾರ್ಚ್ 16: ಪಿಎಚ್ ನೋಡಿದ್ದು

ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ, 7 ನಡು, ಅದಕ್ಕಿಂತ ಕೆಳಗೆ ಹೋದಷ್ಟೂ ಹುಳಿ (ಆಮ್ಲ), ಮೇಲೆ ಹೋದಷ್ಟೂ ಕ್ಷಾರ. ಪಿಎಚ್ ಪಟ್ಟಿ 80 ಇರೋ ಪುಸ್ತಕ 140 ರೂ. ಬರೋಕೆ ತಡ ಆಗತ್ತೆ ಅಂತ ಅಷ್ಟರಲ್ಲಿ ಅರಿಶಿನದ ಪೇಪರ್ ಮಾಡ್ಕೊಂಡೆ, ಖರ್ಚು ಸೊನ್ನೆ. ಅರ್ಧ ಚಮಚ ಅರಿಶಿನ ಸ್ವಲ್ಪ ನೀರಲ್ಲಿ ಕಲಸಿ, ದಪ್ಪ ಬಿಳಿ ಪೇಪರ್ ಅದ್ದಿ ಒಣಗಿಸಿ, ಎರಡು ಬೆರಳಗಲ ಕತ್ತರಿಸಿದ್ದು. ಆರತಿಗೆ ಅರಿಶಿನ ಸುಣ್ಣ ಕಲಸಿ ಓಕುಳಿ ಮಾಡ್ತೀವಲ್ಲ, ಅದೇ ತಂತ್ರ, ಕ್ಷಾರ ತಾಗಿದ್ರೆ ಕೆಂಪಾಗತ್ತೆ. ಆಮ್ಲಕ್ಕೆ ಮಾತ್ರ ಇದು ಏನೂ ಹೇಳಲ್ಲ, ಹಳದಿ ಹಳದಿಯಾಗೇ ಇರತ್ತೆ, ಹಾಗಾಗಿ ಪಟ್ಟಿ ಬೇಕೇ ಬೇಕು.

ಬಂದ ಲೆಕ್ಕ: ಬಾಟಲಿ 1 – 7, ಬಾಟಲಿ 2 – 7, ಬಾಟಲಿ 3 – 2, ಬಾಟಲಿ 4 – 6, ವಾಷಿಂಗ್ ಸೋಡಾ ನೀರು – 11, ಅಡಿಗೆ ಸೋಡಾ – 8ರ ಆಚೀಚೆ. ಅತ್ತೆ ಇವತ್ತಿಗೂ ಕರಿ ಹಿಡಿದ ಪಾತ್ರೆಗೆ ಬಳಸೋ ಒಲೆ ಬೂದಿ ನೀರಿಗೆ ಪೇಪರ್ ಅದ್ದಿದ್ರೆ ಕುಂಕುಮದ ಹಾಗೆ ಕೆಂಪಾಯ್ತು, ಪಟ್ಟಿಯಲ್ಲಿ 10ಕ್ಕಿಂತ ಮೇಲೆ. ನಮ್ಮ ಅಜ್ಜಿ ಕಾಲದ ಬೂದಿ ಈ ಪಾತ್ರೆ ಲಿಕ್ವಿಡ್ಡುಗಳೆಲ್ಲಕ್ಕಿಂತ ಖಾರ, ಅದರಲ್ಲೇ ಬರಿಗೈಯಲ್ಲಿ ತಿಕ್ತಿದ್ರು, ಅವರ ಅಂಗೈ ಬಿರುಕು ನಂಗೆ ಚೆನ್ನಾಗಿ ನೆನಪಿದೆ.

ಮಾರ್ಚ್ 18: ಬಯೋ ಎಂಜೈಮ್ ಹಾಕಿಟ್ಟೆ

ಬಯೋ ಎಂಜೈಮ್ ಅಂದ್ರೆ ಹಣ್ಣಿನ ಸಿಪ್ಪೆ, ಬೆಲ್ಲ ನೀರಲ್ಲಿ ಕೊಳೆಸಿ ಮಾಡೋ ಕ್ಲೀನಿಂಗ್ ಲಿಕ್ವಿಡ್. ಎಲ್ಲ ಕಡೆ ಹೇಳೋ ಲೆಕ್ಕ 1:3:10. ಬೆಲ್ಲ 300 ಗ್ರಾಂ, ಸಿಪ್ಪೆ 900 ಗ್ರಾಂ, ನೀರು 3 ಲೀಟರ್. ಬೆಲ್ಲ ಹಳೆ ಜೋನಿ ಬೆಲ್ಲ, ಡಬ್ಬಿ ತಳದಲ್ಲಿ ಉಳಿದಿದ್ದು. ಸಿಪ್ಪೆ ಅರ್ಧ ಕಂಚಿಕಾಯಿದು, ಅರ್ಧ ಬನವಾಸಿ ಅನಾನಸಿದು. 5 ಲೀಟರ್ ಪ್ಲಾಸ್ಟಿಕ್ ಕ್ಯಾನಲ್ಲಿ ಹಾಕಿ ಮೇಲೆ ಜಾಗ ಬಿಟ್ಟೆ. ಗಾಜಿಂದರಲ್ಲಿ ಹಾಕ್ಬೇಡಿ, ಮೊದಲ ತಿಂಗಳು ಗ್ಯಾಸ್ ಬಹಳ, ದಿನಾ ಮುಚ್ಚಳ ಸಡಿಲ ಮಾಡ್ಬೇಕು. ನಾನು ಯುಗಾದಿ ಗಡಿಬಿಡಿಯಲ್ಲಿ ಮೂರು ದಿನ ಮರೆತೆ, ಕ್ಯಾನು ಬಸುರಿ ಹೊಟ್ಟೆ ಥರ ಊದಿತ್ತು, ಮುಚ್ಚಳ ತಿರುಗಿಸಿದ್ದೇ ಬುಸ್ ಅಂತ ಮುಖಕ್ಕೇ ಹಾರಿತು. ಕನ್ನಡಕ ಇತ್ತು, ಬಚಾವ್.

90 ದಿನ ಕಾಯ್ಬೇಕು. ಅದನ್ನ ಅಲ್ಲೇ ಬಿಟ್ಟು ಮುಂದೆ ಹೋಗಣ.

ಮಾರ್ಚ್ 20ರಿಂದ 31: ಕಂಪನಿಗೆ ವಾಟ್ಸಾಪ್

ಬಾಟಲಿ 1, 2ರ ಕಸ್ಟಮರ್ ಕೇರಿಗೆ ಒಂದೇ ಮೆಸೇಜು: ಸೇಫ್ಟಿ ಡೇಟಾ ಶೀಟ್ (ಒಳಗಿರೋ ಕೆಮಿಕಲ್, ಅದರ ಅಪಾಯ ಎಲ್ಲ ಬರೆದಿರೋ ಹಾಳೆ) ಕಳ್ಸಿ. ಬಾಟಲಿ 2ರವರು ಹತ್ತೇ ನಿಮಿಷಕ್ಕೆ '100% ನ್ಯಾಚುರಲ್ ಮೇಡಂ, ಚಿಂತೆ ಬೇಡ' ಅಂದ್ರು. ಬಿಕೆಸಿ ಇದೆಯಲ್ಲ ಅಂತ ಫೋಟೋ ಹಾಕಿದೆ, ಎರಡು ನೀಲಿ ಗೆರೆ ಬಿತ್ತು, ಉತ್ತರ ಇಲ್ಲ. 2024ರ ಅಕ್ಟೋಬರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರೀನ್‌ವಾಷಿಂಗ್ ತಡೆಯೋಕೆ ಮಾರ್ಗಸೂಚಿ ತಂದಿದೆ, ಇಕೋ ಫ್ರೆಂಡ್ಲಿ ಅಂತ ಸುಮ್ನೆ ಬರೆಯೋ ಹಾಗಿಲ್ಲ, ಆಧಾರ ತೋರಿಸ್ಬೇಕು ಅಂತ. ಅದನ್ನೂ ಬರೆದು ಕಳ್ಸಿದೆ. ಆಮೇಲೆ ನೀಲಿ ಗೆರೆನೂ ಬೀಳಲಿಲ್ಲ, ಬ್ಲಾಕ್ ಮಾಡಿದ್ರು ಕಾಣತ್ತೆ.

ಬಾಟಲಿ 1ರವರು ಪಾಪ 11 ದಿನ ಬಿಟ್ಟು ಪಿಡಿಎಫ್ ಕಳ್ಸಿದ್ರು. ಈ ಶೀಟಲ್ಲಿ 16 ಭಾಗ ಇರತ್ತೆ, ಎಲ್ಲ ಓದೋದು ಬೇಡ, 3ನೇದರಲ್ಲಿ ಒಳಗೇನಿದೆ, 9ರಲ್ಲಿ ಪಿಎಚ್, 12ರಲ್ಲಿ ನೀರು ಮೀನಿಗೆ ಏನಾಗತ್ತೆ ಅಂತ ಇರತ್ತೆ, ಇವು ಮೂರು ನೋಡಿದ್ರೆ ಸಾಕು. 3ನೇ ಭಾಗದಲ್ಲಿ ಕಂಡಿದ್ದು: ಸೋಡಿಯಂ ಲಾರೆತ್ ಸಲ್ಫೇಟ್ 10ರಿಂದ 15%. ಅಂಟುವಾಳದ ಸಾರ 1%ಗಿಂತ ಕಮ್ಮಿ. ಕಡೇ ಸಾಲಲ್ಲಿ ಹೆಸರೇ ಇಲ್ಲ, ಬರೀ ಸಿಎಎಸ್ ನಂಬರು (ಒಂದೊಂದು ಕೆಮಿಕಲ್ಲಿಗೂ ಇರೋ ಗುರುತಿನ ನಂಬರು), 55965-84-9.

ಲಾರೆತ್ ಸಲ್ಫೇಟ್ ಅಂದ್ರೆ ಮಾಮೂಲಿ ಶಾಂಪೂ, ಪಾತ್ರೆ ಲಿಕ್ವಿಡ್ ಎಲ್ಲದರಲ್ಲೂ ಇರೋ ನೊರೆ ಸಾಮಾನು. ತೆಂಗಿನೆಣ್ಣೆ ಅಥವಾ ತಾಳೆ ಎಣ್ಣೆಯಿಂದ ಶುರು ಮಾಡ್ತಾರೆ, ಹಾಗಾಗಿ 'ಪ್ಲಾಂಟ್ ಬೇಸ್ಡ್' ಪೂರ್ತಿ ಸುಳ್ಳೂ ಅಲ್ಲ, ಅದಕ್ಕೆ ಪೆಟ್ರೋಲಿಯಂ ಕಡೆಯ ಎಥಿಲೀನ್ ಆಕ್ಸೈಡ್ ಸೇರಿಸಿದ ಮೇಲೆ ಪೂರ್ತಿ ನಿಜಾನೂ ಅಲ್ಲ. ಅಂದ್ರೆ 180 ರೂಪಾಯಿ ಕೊಟ್ಟು ನಾನು ತಂದಿದ್ದು ಕಿರಾಣಿ ಅಂಗಡಿದೇ ಸಾಮಾನು, ಎಲೆ ಚಿತ್ರ ಎಕ್ಸ್‌ಟ್ರಾ.

ಆ ನಂಬರು ಹುಡುಕಿದ್ರೆ ಮೀಥೈಲ್‌ಕ್ಲೋರೋಐಸೋಥಿಯಾಜೋಲಿನೋನ್, ಮೀಥೈಲ್‌ಐಸೋಥಿಯಾಜೋಲಿನೋನ್ ಎರಡರ ಮಿಶ್ರಣ, ಕೆಡದೇ ಇರೋಕೆ ಹಾಕೋ ಪ್ರಿಸರ್ವೇಟಿವ್. ಚರ್ಮದ ಅಲರ್ಜಿಗೆ ಹೆಸರಾಗಿದ್ದು, ಅಮೆರಿಕದ ಚರ್ಮದ ಅಲರ್ಜಿ ಡಾಕ್ಟರುಗಳ ಸಂಘ 2013ರಲ್ಲಿ ಇದರಲ್ಲಿ ಎರಡನೇದನ್ನ 'ವರ್ಷದ ಅಲರ್ಜನ್' ಅಂತಾನೇ ಸಾರಿತ್ತು. ಯುರೋಪಲ್ಲಿ ತೊಳೆದು ಹೋಗೋ ಶಾಂಪೂ ಥರದ್ದಕ್ಕೆ ಈ ಮಿಶ್ರಣ 0.0015% ಮೀರೋ ಹಾಗಿಲ್ಲ. ಶಿರಸಿಯ ಚರ್ಮದ ಡಾಕ್ಟರಿಗೆ ತೋರಿಸಿದೆ, ಇದೇ ಕಾರಣ ಅಂತ ಪಕ್ಕಾ ಹೇಳೋಕೆ ಪ್ಯಾಚ್ ಟೆಸ್ಟ್ (ಚರ್ಮಕ್ಕೆ ಪಟ್ಟಿ ಅಂಟಿಸಿ ಅಲರ್ಜಿ ನೋಡೋದು) ಬೇಕು, ಸದ್ಯಕ್ಕೆ ಅದನ್ನ ಬಿಡಿ, ಗ್ಲೌಸ್ ಹಾಕಿ ಅಂದ್ರು. ಬಿಟ್ಟೆ. ಮೂರು ವಾರಕ್ಕೆ ಕೈ ಸರಿಯಾಯ್ತು. ಡಾಕ್ಟರ್ ಫೀಸು, ಮುಲಾಮು ಸೇರಿ 610 ರೂ.

ಏಪ್ರಿಲ್ 5: ಅಂಟುವಾಳ, ಮೊದಲ ಸಲ (ಫೇಲ್)

ಹಾಗಾದ್ರೆ ನಾನೇ ಮಾಡ್ತೆ ಅಂತ ಹಟ. ಪಕ್ಕದ ಮನೆ ಬೇಣದಲ್ಲಿ ಅಂಟುವಾಳದ ಮರ ಇದೆ, ಕಾಯಿ ಬಿದ್ದು ಹಾಳಾಗ್ತಿತ್ತು, ಎರಡು ಕೆಜಿ ಆರಿಸ್ಕೊಂಡು ಬಂದು ನಾಲ್ಕು ಬಿಸಿಲು ಒಣಗಿಸಿ ಬೀಜ ತೆಗೆದೆ. ಬೀಜ ತೆಗೆಯೋದೇ ದೊಡ್ಡ ಕೆಲಸ, ಸಿಪ್ಪೆ ಅಂಟು ಅಂಟು, ಕಂದು ಮೇಣದ ಹಾಗೆ ಬೆರಳಿಗೆ ಹಿಡ್ಕೊಂಡು ಬಿಡತ್ತೆ, ಆ ವಾಸನೆ ಸಂಜೆವರೆಗೂ ಹೋಗಲ್ಲ.

ಇಲ್ಲಿ ದೊಡ್ಡ ತಪ್ಪು: ಪುಡಿ ಮಾಡಿದ್ರೆ ಬೇಗ ಬಿಟ್ಕೊಳತ್ತೆ ಅಂತ ಮಿಕ್ಸಿಗೆ ಹಾಕಿದೆ. ಮುಚ್ಚಳ ತೆಗೆದಿದ್ದೇ ತಡ ಧೂಳು ಮೂಗಿಗೆ ಹೋಗಿ ಸೀನು, ಸೀನು, ಸೀನು, ಲೆಕ್ಕ ಇಲ್ಲ, ಕಣ್ಣು ಕೆಂಪು. ಜಾರ್ ಮೂರು ಸಲ ತೊಳೆದಿಟ್ಟೆ. ಮಾರನೇ ದಿನ ಬೆಳಿಗ್ಗೆ ಅದೇ ಜಾರಲ್ಲಿ ಚಟ್ನಿ ಬೀಸಿದ್ರೆ ಚಟ್ನಿ ಮೇಲೆ ನೊರೆ! ಒಂದು ತುತ್ತು ಬಾಯಿಗಿಟ್ಟ ನಮ್ಮನೆಯವರು ಮಾತಾಡದೇ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದ್ರು. ಅತ್ತೆ ದೋಸೆಗೆ ಜೋನಿ ಬೆಲ್ಲ ಬಡಿಸಿದ್ರು. ಆ ಜಾರು ಈಗ ಅಂಟುವಾಳಕ್ಕೇ ಮೀಸಲು.

ಏಪ್ರಿಲ್ 7: ಎರಡನೇ ಸಲ (ಅರ್ಧ ಫೇಲ್)

ಪುಡಿ ಮಾಡಲಿಲ್ಲ. ಸಿಪ್ಪೆ 100 ಗ್ರಾಂ, ನೀರು 1 ಲೀಟರ್, ರಾತ್ರಿ ನೆನೆಸಿ ಬೆಳಿಗ್ಗೆ ಸಣ್ಣ ಉರಿಯಲ್ಲಿ 25 ನಿಮಿಷ ಕುದಿಸಿದ್ದು. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡಿ, ಹಾಲು ಉಕ್ಕಿದ ಹಾಗೆ ಉಕ್ಕತ್ತೆ, ಒಲೆ ಹಾಳು. ಕೈಯಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದ್ರೆ 700 ಎಂಎಲ್, ಕಾಫಿ ಡಿಕಾಕ್ಷನ್ ಬಣ್ಣ. ಪಿಎಚ್ ಪಟ್ಟಿಯಲ್ಲಿ 5ರ ಹತ್ರ.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಹುಳಿ ವಾಸನೆ, ಆರನೇ ದಿನ ಮೇಲೆ ಬಿಳಿ ಪೊರೆ. ಎಸೆದೆ. ಅವತ್ತು ತಲೆಗೆ ಹೊಳೆದಿದ್ದು: ನೀರು ಇದ್ದು, ಗಿಡದ ಸಾರ ಇದ್ದು, 'ನೋ ಪ್ರಿಸರ್ವೇಟಿವ್' ಅಂತ ಬರೆದು ಎರಡು ವರ್ಷ ಬಾಳಿಕೆ ಅಂದ್ರೆ ಎರಡರಲ್ಲಿ ಒಂದು ಸುಳ್ಳು. ಪ್ರಿಸರ್ವೇಟಿವ್ ಹಾಕಿದ್ದು ತಪ್ಪಲ್ಲ, ಯಾವುದು ಅಂತ ಹೇಳದೇ ಇದ್ದಿದ್ದು ತಪ್ಪು. ಕೊಳೆತ ಲಿಕ್ವಿಡ್ಡಲ್ಲಿ ಪಾತ್ರೆ ತೊಳೆಯೋದು ಇನ್ನೂ ಕೆಟ್ಟದ್ದು.

ಏಪ್ರಿಲ್ 15: ಮೂರನೇ ಸಲ (ಪಾಸ್)

ನಮ್ಮ ಕಡೆ ಮುರುಗಲು ಸಿರಪ್ ಮಾಡೋ ಮನೆಗಳಲ್ಲಿ ಸೋಡಿಯಂ ಬೆಂಜೋಯೇಟ್ ಡಬ್ಬಿ ಇದ್ದೇ ಇರತ್ತೆ, ಅದನ್ನೇ ಬಳಸಿದೆ. 1 ಲೀಟರಿಗೆ 1 ಗ್ರಾಂ. ಅದು ಆಮ್ಲದಲ್ಲಿ ಮಾತ್ರ ಕೆಲಸ ಮಾಡತ್ತೆ, ಹಾಗಾಗಿ ಮೊದಲು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ಡೇ ಅದು) ಚಿಟಿಕೆ ಚಿಟಿಕೆ ಹಾಕ್ತಾ ಪಟ್ಟಿ ನೋಡ್ತಾ ಪಿಎಚ್ 4ಕ್ಕೆ ಇಳಿಸಿದೆ, ಅರ್ಧ ಚಮಚಕ್ಕೂ ಸ್ವಲ್ಪ ಕಮ್ಮಿ ಹಿಡೀತು. ಬಿಸಿ ನೀರಲ್ಲಿ ತೊಳೆದ ಬಾಟಲಿಗೆ ತುಂಬಿಸಿದ್ದು ಐದು ವಾರ ಕೆಡಲಿಲ್ಲ. ಒಂದು ಬಾಟಲಿಗೆ 'ಏನಿದೆ: ನೀರು, ಅಂಟುವಾಳ, ನಿಂಬೆ ಉಪ್ಪು, ಸೋಡಿಯಂ ಬೆಂಜೋಯೇಟ್' ಅಂತ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ, ಒಂಥರಾ ಸೇಡು.

ಇನ್ನೊಂದು ಹೇಳ್ಬೇಕು. ಅಂಟುವಾಳದಲ್ಲಿ ನೊರೆ ಬರಿಸೋ ಅಂಶ ಸಪೋನಿನ್, ಅದು ಮೀನಿಗೆ ವಿಷ. ನಮ್ಮ ಕಡೆ ಹಳ್ಳದಲ್ಲಿ ಮೀನು ಮತ್ತು ಬರಿಸಿ ಹಿಡಿಯೋಕೆ ಕಾರೆಕಾಯಿ ಜಜ್ಜಿ ಹಾಕ್ತಿದ್ರು, ಅದರಲ್ಲಿರೋದೂ ಸಪೋನಿನ್ನೇ. ಮಣ್ಣಿಗೆ ಬಿದ್ರೆ ಕೊಳೆತು ಹೋಗತ್ತೆ, ಆದ್ರೆ ಸೀದಾ ಹಳ್ಳಕ್ಕೆ ಬಿಡೋ ಸಾಮಾನಲ್ಲ. ಈ ನೀರು ಬಾಳೆ ಬುಡಕ್ಕೆ ಮಾತ್ರ.

ಏಪ್ರಿಲ್ 27: ತಟ್ಟೆ ಲೆಕ್ಕ

ಒಂದೊಂದು ಸ್ಟೀಲ್ ತಟ್ಟೆಗೆ ಅಳೆದು 2 ಎಂಎಲ್ ತೆಂಗಿನೆಣ್ಣೆ ಸವರಿ, 1 ಲೀಟರ್ ತಣ್ಣೀರಿಗೆ 2 ಎಂಎಲ್ ಲಿಕ್ವಿಡ್ ಹಾಕಿ, ಬೆರಳು ಎಳೆದ್ರೆ ಕಿಚ್ ಅನ್ನೋವರೆಗೆ ತೊಳೆದಿದ್ದು. ಕಿಚ್ ಅನ್ನೋದು ನಿಂತ್ರೆ ಲೆಕ್ಕ ಮುಗೀತು. ಮಗಳು ಪಕ್ಕದಲ್ಲಿ ಕೂತು ಗೆರೆ ಹಾಕಿದ್ಲು.

ಕಿರಾಣಿ ಅಂಗಡಿದು 9 ತಟ್ಟೆ, ಬಾಟಲಿ 1 ಎಂಟು (ಇರಲೇಬೇಕಲ್ಲ, ಅದೇ ಸಾಮಾನು), ಬಾಟಲಿ 4 ಆರು. ನನ್ನ ಅಂಟುವಾಳ 2 ಎಂಎಲ್ ಹಾಕಿದ್ರೆ ಒಂದೂ ಆಗಲಿಲ್ಲ, 20 ಎಂಎಲ್ ಹಾಕಿದ ಮೇಲೆ 3. ಬಿಸಿ ನೀರಲ್ಲಿ 5. ನೊರೆ ಮಾತ್ರ ಎಲ್ಲಕ್ಕಿಂತ ಜಾಸ್ತಿ ಬಂದಿತ್ತು, ನೊರೆ ನೋಡಿ ಮೋಸ ಹೋಗ್ಬೇಡಿ. ಚಾ ಲೋಟ, ಅನ್ನದ ಪಾತ್ರೆ, ಹಿತ್ತಾಳೆ, ಬೆಳ್ಳಿಗೆಲ್ಲ ಅಂಟುವಾಳ ಭಾರೀ ಚೆಂದ, ಹಬ್ಬದಲ್ಲಿ ಕಜ್ಜಾಯ ಕರಿದ ಬಾಣಲೆಗೆ ಆಗಲ್ಲ.

ಅವತ್ತೇ ಇನ್ನೊಂದು ಪೆದ್ದುತನ: ಬಾಟಲಿ 1ರಲ್ಲಿ ಉಳಿದಿದ್ದನ್ನ ಬಾಟಲಿ 2 ಹಾಕಿದ ಬಕೆಟ್ಟಿಗೆ ಸುರಿದು ನೆಲ ಒರೆಸಿ ಖಾಲಿ ಮಾಡಣ ಅಂತ ಹೋದೆ. ಬಕೆಟ್ಟಲ್ಲಿ ಹಾಲೊಡೆದ ಹಾಗೆ ಬಿಳಿ ಬಿಳಿ ಕಟ್ಟಿತು. ಸೋಪಿನ ಅಂಶ, ಬಿಕೆಸಿ ಒಂದಕ್ಕೊಂದು ವಿರುದ್ಧ, ಸೇರಿದ್ರೆ ಎರಡರ ಕೆಲಸಾನೂ ಕೆಡತ್ತೆ. ನೆಲಕ್ಕೆ ಸೋಪು ಹಾಕಿ ಮೇಲೆ ಕ್ರಿಮಿನಾಶಕ ಹಾಕೋರು ನಡುವೆ ಒಂದು ಸಲ ಬರೀ ನೀರಲ್ಲಿ ಒರೆಸ್ಕೊಳಿ.

ಜೂನ್ 16–18: ಎಂಜೈಮ್ ತೆರೆದೆ, ಕಡಪಾ ಹಾಳು

90 ದಿನ ಮುಗೀತು. ಹೊರಗೆ ಮಳೆ ಹಿಡಿದಿತ್ತು. ಸೋಸಿದ್ರೆ ಎರಡೂವರೆ ಲೀಟರ್, ಜೇನಿನ ಬಣ್ಣ, ಕಂಚಿಕಾಯಿ ವಾಸನೆ, ನಂಗೋ ಭಾರೀ ಹೆಮ್ಮೆ. ಪಟ್ಟಿ 3 ಮತ್ತು 4ರ ನಡುವೆ ತೋರಿಸ್ತು. ಇಲ್ಲೇ ನಂಗೆ ಬುದ್ಧಿ ಬರ್ಬೇಕಿತ್ತು, ಮೂರು ತಿಂಗಳಿಂದ ಊರವರ ಬಾಟಲಿಗೆಲ್ಲ ಪಿಎಚ್ ನೋಡಿ ತೀರ್ಪು ಕೊಟ್ಟವಳು ನಂದನ್ನ ಮಾತ್ರ ನೋಟ್‌ಬುಕ್ಕಲ್ಲಿ ಬರೆದು ಪಕ್ಕಕ್ಕಿಟ್ಟೆ.

18ಕ್ಕೆ ನೀರು ಬೆರೆಸದೇ ಬಟ್ಟೆಗೆ ಅದ್ದಿ ಅಡಿಗೆ ಕಟ್ಟೆ ಮೇಲೆ ಜಿಡ್ಡು ಬಿಡ್ಲಿ ಅಂತ ಹರಡಿ ಹತ್ತು ನಿಮಿಷ ಬಿಟ್ಟೆ. ಬಟ್ಟೆ ಎತ್ತಿದ್ರೆ ಕೆಳಗೆ ಬಟ್ಟೆಯದ್ದೇ ಆಕಾರ, ಅಂಚಿನ ಮಡಿಕೆ ಸಮೇತ, ಕರೀ ಕಲ್ಲಿನ ಮೇಲೆ ಬೂದು ಬಣ್ಣದಲ್ಲಿ. ಒರೆಸಿದೆ, ಹೋಗಲಿಲ್ಲ. ಕೈಯಾಡಿಸಿದ್ರೆ ಅಲ್ಲಿ ಮಾತ್ರ ದೊರಗು. ಕಡಪಾ ಅಂದ್ರೆ ಸುಣ್ಣಕಲ್ಲು, ಆಮ್ಲ ಬಿದ್ರೆ ಮೇಲ್ಪದರ ತಿಂದೇ ಬಿಡತ್ತೆ, ಅದು ಕೊಳೆ ಅಲ್ಲ, ಕಲ್ಲೇ ಕರಗಿದ್ದು. ಗಾಬರಿಯಲ್ಲಿ ಅಡಿಗೆ ಸೋಡಾ ಉಜ್ಜಿದೆ, ಬುರಬುರ ಅಂತು ಅಷ್ಟೇ.

ಅತ್ತೆ ಬಂದು ನೋಡಿದ್ರು. "ಹುಣಸೆಹಣ್ಣು ಕಡಪಾಕ್ಕೆ ತಾಗ್ಸಡ ಹೇಳಿ ಆನು ನೀ ಬಂದಾಗಿಂದ ಹೇಳ್ತಾ ಇದ್ದಿ. ಇದೆಂತಾ ಹುಣಸೆಹಣ್ಣಲ್ದಾ?"

"ಇದು ಎಂಜೈಮ್ ಅತ್ತೆ."

"ಹುಳಿ ಹುಳಿಯೇ ಸೈ ಕೂಸೇ."

ಸಿಪ್ಪೆ, ಬೆಲ್ಲ ಕೊಳೆತು ಆಗಿದ್ದು ಒಂಥರಾ ವಿನೆಗರ್, ಅಷ್ಟೇ ವಿಷಯ. ಎಂಜೈಮ್ ಅಂತ ಹೆಸರಿಟ್ಟಿದ್ದಕ್ಕೆ ನಾನು ಮರುಳಾದೆ, ಜಾತ್ರೆ ಬಾಟಲಿಯ ಎಲೆ ಚಿತ್ರಕ್ಕೆ ಮರುಳಾದ ಹಾಗೇ. ಆಮೇಲೆ ನೆನಪಾಯ್ತು, ನನ್ನ ಅಂಟುವಾಳದ ಲಿಕ್ವಿಡ್ಡೂ ಪಿಎಚ್ 4, ಅದು ಕಟ್ಟೆ ಮೇಲೆ ಚೆಲ್ಲಿದ ಕಡೆ ಚಿಕ್ಕ ಚಿಕ್ಕ ಮಂಕು ಚುಕ್ಕಿ ಮೊದಲೇ ಇದ್ವು, ನಾನು ಎಣ್ಣೆ ಕಲೆ ಅಂದ್ಕೊಂಡಿದ್ದೆ. ಜಗಲಿಯ ರೆಡ್ ಆಕ್ಸೈಡ್ ನೆಲವೂ ಸಿಮೆಂಟಿಂದೇ, ಅದಕ್ಕೂ ಇದು ಆಗಲ್ಲ. ಮಾರ್ಬಲ್ ಇದ್ದೋರು ಹತ್ರಾನೂ ತರ್ಬೇಡಿ. ಗ್ರಾನೈಟ್ ತುಂಡಿನ ಮೇಲೆ ರಾತ್ರಿಯಿಡೀ ಹಾಕಿಟ್ಟು ನೋಡಿದೆ, ಏನೂ ಆಗಲಿಲ್ಲ.

ಜೂನ್ 29: ಬಚ್ಚಲಲ್ಲಿ ಕ್ಲೋರಿನ್

ಇದನ್ನ ಬರೆಯೋಕೆ ನಾಚಿಕೆ ಆಗತ್ತೆ, ಆದ್ರೂ ಇದೇ ಮುಖ್ಯ. ಮಳೆಗಾಲ, ಬಚ್ಚಲ ನೆಲ ಹಾವಸೆ ಹಿಡಿದು ಜಾರ್ತಿತ್ತು, ಬೆಳಿಗ್ಗೆ ನಮ್ಮನೆಯವರು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ನೀರು ಹೊಡೆದಿದ್ರು, ನಂಗೆ ಹೇಳಿರಲಿಲ್ಲ, ಮೂಲೆಯಲ್ಲಿ ಪುಡಿ ಹಾಗೇ ಕೂತಿತ್ತು. ಕಟ್ಟೆಗೆ ಆಗದ ಎಂಜೈಮ್ ಬಚ್ಚಲಿಗಾದ್ರೂ ಆಗ್ಲಿ ಅಂತ ಮಧ್ಯಾಹ್ನ ಅರ್ಧ ಲೀಟರ್ ಸುರಿದೆ. ಒಂದು ಉಸಿರು ತಗೊಂಡೆ ಅಷ್ಟೇ, ಗಂಟಲು ಮೆಣಸಿನ ಹೊಗೆ ಕುಡಿದ ಹಾಗೆ. ಬಾಗಿಲು ತೆಗೆದಿಟ್ಟು ಓಡಿ ಬಂದೆ. ಹೊರಗಿಂದ ಪೈಪಲ್ಲಿ ಹತ್ತು ನಿಮಿಷ ನೀರು ಬಿಟ್ಟಿದ್ದು. ಸಂಜೆವರೆಗೆ ಕೆಮ್ಮು.

ಬ್ಲೀಚಿಂಗ್ ಪೌಡರಿಗೆ ಯಾವ ಹುಳಿ ಸೇರಿದ್ರೂ ಕ್ಲೋರಿನ್ ಗ್ಯಾಸ್ ಬರತ್ತೆ. ಪೇಟೆ ಟಾಯ್ಲೆಟ್ ಆಸಿಡ್ಡೇ ಆಗ್ಬೇಕಂತಿಲ್ಲ, 'ನೋ ಹಾರ್ಶ್ ಕೆಮಿಕಲ್ಸ್' ಅಂದ ಬಾಟಲಿ 3ರ ಸಿಟ್ರಿಕ್ ಆಸಿಡ್, ವಿನೆಗರ್, ನಿಂಬೆಹಣ್ಣು, ನನ್ನ ಎಂಜೈಮ್, ಎಲ್ಲಾನೂ ಒಂದೇ. ಆ ಬಾಟಲಿ ಮೇಲೆ ಬ್ಲೀಚ್ ಜೊತೆ ಸೇರಿಸ್ಬೇಡಿ ಅಂತ ಒಂದು ಸಾಲು ಇರಲಿಲ್ಲ. ನನ್ನ ಕ್ಯಾನ್ ಮೇಲೂ ಇರಲಿಲ್ಲ ಬಿಡಿ. ಈಗ ಎರಡರ ಮೇಲೂ ಕೆಂಪು ಮಾರ್ಕರಲ್ಲಿ ಬರೆದಿದೀನಿ, ಬ್ಲೀಚಿಂಗ್ ಪೌಡರ್ ಡಬ್ಬಿ ಹೊರಗೆ ಸೌದೆ ಕೊಟ್ಟಿಗೆಗೆ ಹೋಗಿದೆ.

ಜುಲೈ 12: ಸದ್ಯದ ಸ್ಥಿತಿ

ಪಾತ್ರೆಗೆ: ಜಿಡ್ಡಿಲ್ಲದ್ದಕ್ಕೆ ಅಂಟುವಾಳ, ಹಿತ್ತಿಲ ಕಲ್ಲಿನ ಮೇಲೆ. ಜಿಡ್ಡಿಂದಕ್ಕೆ ಬಾಟಲಿ 4, ನೀರು ಬಿಸಿ ಮಾಡಿ ಸ್ವಲ್ಪವೇ. ಬಳಸೋ ಮೊದಲು ಮೊಣಕೈ ಒಳಗೆ ನೀರು ಬೆರೆಸಿದ್ದು ಒಂದು ಹನಿ ಹಚ್ಚಿ ಎರಡು ದಿನ ನೋಡಿದ್ದೆ, ಏನಾಗಲಿಲ್ಲ. ಅದರಲ್ಲಿರೋ ಬೀಟೈನೂ ಕೆಲವರಿಗೆ ಅಲರ್ಜಿ ಮಾಡತ್ತೆ, ಹಾಗಾಗಿ ಇದು ನನ್ನ ಕೈ ಲೆಕ್ಕ ಮಾತ್ರ.

ನೆಲಕ್ಕೆ: ಬರೀ ನೀರು, ವಾರಕ್ಕೊಂದ್ಸಲ ಬಾಟಲಿ 4 ಅರ್ಧ ಚಮಚ. ದಿನಾ ಕ್ರಿಮಿನಾಶಕ ಯಾಕೆ ಬೇಕು ಅನ್ನೋದಕ್ಕೆ ನಮ್ಮನೆಯಲ್ಲಿ ಯಾರ ಹತ್ರಾನೂ ಉತ್ತರ ಇರಲಿಲ್ಲ, ಪರಿಮಳಕ್ಕೆ ಅಂದ್ಲು ಮಗಳು. ಬಾಟಲಿ 2ರಲ್ಲಿ ಮುಕ್ಕಾಲು ಲೀಟರ್ ಹಾಗೇ ಕೂತಿದೆ, ಬಸಿಗಾಲುವೆಗೆ ಸುರಿಯೋಕೆ ಮನಸ್ಸಿಲ್ಲ, ಯಾರಿಗಾದ್ರೂ ಕೊಡೋಕೂ ಮನಸ್ಸಿಲ್ಲ. ಮನೆಯಲ್ಲಿ ಯಾರಿಗಾದ್ರೂ ವಾಂತಿ ಭೇದಿ ಆದ್ರೆ ಅಂತ ಇಟ್ಟಿದೀನಿ.

ಕಮೋಡಿಗೆ: ಬಾಟಲಿ 3 ಪರವಾಗಿಲ್ಲ, ಖಾಲಿಯಾದ ಮೇಲೆ ನಿಂಬೆ ಉಪ್ಪು ತಂದು ನಾನೇ ಕರಗಿಸ್ತೆ, ಅದರಲ್ಲಿ ಕೆಲಸ ಮಾಡೋದು ಅದೊಂದೇ. ಗ್ಲೌಸ್ ಹಾಕ್ಕೊಂಡು.

ಖರ್ಚು: ಬಾಟಲಿಗಳು 859, ಪಿಎಚ್ ಪಟ್ಟಿ 140, ಡಾಕ್ಟರು 610, ನಿಂಬೆ ಉಪ್ಪು ಗ್ಲೌಸ್ ಎಲ್ಲ ಸೇರಿ 115. ಒಟ್ಟು 1,724 ರೂ. ಬೆಂಜೋಯೇಟ್ ಮನೆದು, ಮಿಕ್ಸಿ ಜಾರಿಂದು ಲೆಕ್ಕ ಹಿಡಿದಿಲ್ಲ, ಕಡಪಾದ್ದು ಇನ್ನೂ ಬರೋದಿದೆ. ಪಾಲಿಶ್ ಮಾಡೋರು ಫೋಟೋ ನೋಡಿ 1,400 ಅಂದ್ರು, ಮಳೆ ಮುಗಿದು ಕಲ್ಲು ಒಣಗಿದ ಮೇಲೇ ಬರೋದಂತೆ, ದೀಪಾವಳಿ ಹೊತ್ತಿಗೆ. ಅಲ್ಲಿವರೆಗೆ ಹದಿನೈದು ದಿನಕ್ಕೊಂದ್ಸಲ ತೆಂಗಿನೆಣ್ಣೆ ಹಚ್ಚಿದ್ರೆ ಕಪ್ಪಾಗಿ ಕಾಣತ್ತೆ, ನಾಲ್ಕು ದಿನಕ್ಕೆ ಮತ್ತೆ ಆ ಬಟ್ಟೆ ಆಕಾರ ಮೇಲೆ ಬರತ್ತೆ. ನೆಂಟರು ಬರೋ ದಿನ ಅತ್ತೆ ಅದರ ಮೇಲೆ ಚಾ ತಟ್ಟೆ ಕವುಚಿ ಇಡ್ತಾರೆ.